ಕಳ್ಳ ಯಾರು ಅಂತ ಹೇಳೋಕಿಂತ ಮೊದಲು
(ಪತ್ತೇದಾರಿ ಕಾದಂಬರಿ ಓದುವ ಬಗ್ಗೆ ಒಂದು ಪಾಠ)



ಈ ಸಲದ ಗೋಡೆ ಪತ್ರಿಕೆಗೆ ‘ನಾನು ಓದಿದ ಪುಸ್ತಕ’ ಎಂಬ ವಿಷಯ ಕೊಟ್ಟಿದ್ದಾರೆ. ಹಲವರು ಗಾಂಧೀಜಿಯವರ ಆತ್ಮಕಥೆ, ವಚನಗಳು, ವಿಜ್ಞಾನಿಗಳ ಜೀವನ ಚರಿತ್ರೆ ಇವುಗಳ ಬಗ್ಗೆ ಬರೆಯುತ್ತಿದ್ದೀರಿ. ನಾನು ಪತ್ತೇದಾರಿ ಕಾದಂಬರಿಗಳ ಬಗ್ಗೆ ಬರೆಯುತ್ತೇನೆ ಎಂದಾಗ ಕೆಲವರು ನಕ್ಕರು. ‘ಅದನ್ನೇನು ಬರೀತಿ, ಅವು ಬರೀ ಟೈಂಪಾಸ್ ಪುಸ್ತಕ’ ಅಂದರು. ನಗಲಿ, ಚಿಂತೆಯಿಲ್ಲ. ಆದರೆ ಪೂರ್ತಿ ಓದಿ ಆಮೇಲೆ ನಗ್ರಿ.

ನಾನು ಈ ಪುಸ್ತಕಗಳನ್ನು ಓದುವಾಗ ಮಗ್ಗುಲಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾವ ಪುಟಕ್ಕೆ ಬಂದಾಗ ನನ್ನ ಮನಸ್ಸಿಗೆ ಏನು ಅನಿಸಿತು ಎಂದು ಬರೆಯುತ್ತಾ ಹೋದೆ. ಅದರಿಂದ ಸಿಕ್ಕ ಪಾಠ ಸಣ್ಣದು. ಗುಮಾನಿ ಬೇರೆ, ಸುಳಿವು ಬೇರೆ, ಪುರಾವೆ ಬೇರೆ. ಈ ಮೂರನ್ನೂ ಬೇರೆ ಬೇರೆ ಮಾಡಿ ನೋಡಲು ಕಲಿತರೆ ಪತ್ತೇದಾರಿ ಪುಸ್ತಕ ಓದಿದ್ದು ಸಾರ್ಥಕ. ಇಲ್ಲದಿದ್ದರೆ ನಕ್ಕವರ ಮಾತೇ ಖರೆ.

೧. ಪುಸ್ತಕ ನನಗೆ ಸಿಕ್ಕ ಬಗೆ

ನಮ್ಮದು ಲಿಂಗಸುಗೂರು ಕಡೆಯ ಒಂದು ತಾಂಡಾ. ಮಳೆ ಕೈಕೊಟ್ಟ ವರ್ಷ ನಮ್ಮ ಮಂದಿ ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಅಪ್ಪ ಹಂಗ ಕಟ್ಟಡದ ಕೆಲಸಕ್ಕೆ ಹೋದವರು ವಾಪಸ್ ಬರುವಾಗ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಿಂದ ಒಂದು ಕಟ್ಟು ಪುಸ್ತಕ ತಂದರು. ಅಪ್ಪನಿಗೆ ಓದಲಿಕ್ಕೆ ಬರೋದಿಲ್ಲ. ‘ನಮ್ಮ ಹುಡುಗಿ ಓದ್ತಾಳ, ಕನ್ನಡದ್ದು ಯಾವುದಾರ ಕೊಡ್ರಿ’ ಅಂದರಂತೆ. ಕಟ್ಟಿನಲ್ಲಿ ಹನ್ನೊಂದು ಪುಸ್ತಕ ಇದ್ದವು. ಅದರಲ್ಲಿ ಏಳು ಪತ್ತೇದಾರಿ. ಕೆಲವಕ್ಕೆ ರಟ್ಟು ಇರಲಿಲ್ಲ, ಒಂದಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಅವು ಮುಗಿದ ಮೇಲೆ ಗ್ರಾಮ ಪಂಚಾಯತಿಯ ಅರಿವು ಕೇಂದ್ರದಿಂದ ಕೆಲವು ತಂದೆ. ಸಿಂಧನೂರಿನಲ್ಲಿ ಕಾಲೇಜು ಓದುವ ನಮ್ಮ ಅಣ್ಣ ಅಲ್ಲಿಯ ಗ್ರಂಥಾಲಯದಿಂದ ಇನ್ನು ಕೆಲವು ತಂದುಕೊಟ್ಟ.

೨. ಪತ್ತೇದಾರಿ ಕಥೆಯ ಚಿಕ್ಕ ಚರಿತ್ರೆ

ಒಂದು ಕಳವೋ ಕೊಲೆಯೋ ಆಗುತ್ತದೆ. ಯಾರು ಮಾಡಿದರು ಗೊತ್ತಿರುವುದಿಲ್ಲ. ಒಬ್ಬ ಬುದ್ಧಿವಂತ ಸುಳಿವು ಹುಡುಕಿ, ಜೋಡಿಸಿ, ಕೊನೆಗೆ ಸತ್ಯ ಹೊರಗೆ ತರುತ್ತಾನೆ. ಇದಕ್ಕೆ ಪತ್ತೇದಾರಿ ಕಥೆ ಎನ್ನುತ್ತಾರೆ. ಇಂಥ ಕಥೆಯನ್ನು ಈಗಿನ ರೂಪದಲ್ಲಿ ಮೊದಲು ಬರೆದವರು ಅಮೆರಿಕದ ಎಡ್ಗರ್ ಅಲನ್ ಪೋ. ಆ ಕಥೆ 1841ರಲ್ಲಿ ಅಚ್ಚಾಯಿತು. 1887ರಲ್ಲಿ ಬ್ರಿಟನ್ನಿನ ಆರ್ಥರ್ ಕೋನನ್ ಡಾಯ್ಲ್ ಅವರು ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನನ್ನು ಸೃಷ್ಟಿಸಿದರು. ಅವನು ನಿಜವಾಗಿ ಬದುಕಿದ್ದ ಮನುಷ್ಯ ಎಂದು ನಂಬಿದವರು ಈಗಲೂ ಇದ್ದಾರೆ.

ನಮ್ಮ ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಹೆಸರು ಮೊದಲು ಹೇಳಬೇಕು. ಅವರು 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡರು. ಶಾಲೆಯಲ್ಲಿ ಓದಿದ್ದು ನಾಲ್ಕನೇ ತರಗತಿ ಮಾತ್ರ. ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ! ಅವರ ಪತ್ತೇದಾರ ಪುರುಷೋತ್ತಮ ಅಂದರೆ ನಮ್ಮ ಅಜ್ಜನ ಕಾಲದವರಿಗೆ ಈಗಲೂ ಗೊತ್ತು. ಪಾಠದ ಪುಸ್ತಕ ಬಿಟ್ಟು ಬೇರೆ ಪುಸ್ತಕ ಮುಟ್ಟದ ಎಷ್ಟೋ ಮಂದಿ ಇವರ ಕಾದಂಬರಿಯಿಂದ ಓದುವ ರೂಢಿ ಹಚ್ಚಿಕೊಂಡರು ಎಂದು ಹಿರಿಯರು ಹೇಳುತ್ತಾರೆ.

ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ನವೆಂಬರ್ 1ರಂದು ನಾವು ಹಿಡಿಯುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ (1918–1967) ಪತ್ತೇದಾರಿ ಕಾದಂಬರಿಕಾರರೇ. ಡಾ. ರಾಜಕುಮಾರ್ ಅವರ ‘ಬಂಗಾರದ ಮನುಷ್ಯ’ (1972) ಚಿತ್ರದ ಮೂಲ ಕಾದಂಬರಿ ಬರೆದ ಟಿ.ಕೆ. ರಾಮರಾವ್ ಅವರೂ ಪತ್ತೇದಾರಿ ಬರೆದು ಹೆಸರಾದವರು. ಆದ್ದರಿಂದ ಇದು ಕೆಲಸವಿಲ್ಲದವರ ಸಾಹಿತ್ಯ ಎಂದು ತಳ್ಳಿಹಾಕುವಂತಿಲ್ಲ.

ನಮ್ಮ ಭಾಗದಲ್ಲಿ ತೆಲುಗು ಬಲ್ಲವರು ಬಹಳ. ಅವರ ಮನೆಗಳಲ್ಲಿ ಯಂಡಮೂರಿ ವೀರೇಂದ್ರನಾಥರ ಹೆಸರು ಕೇಳಿರುತ್ತೀರಿ. ಅವರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೂ ಬಂದಿದೆ. ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಆಗಿನ ಪೂರ್ವ ಪಾಕಿಸ್ತಾನದಿಂದ ಬಂದು ನೆಲೆಸಿದ ಬಂಗಾಳಿ ಕುಟುಂಬಗಳಿವೆ. ಅವರ ಭಾಷೆಯಲ್ಲಿ ಇಬ್ಬರು ದೊಡ್ಡ ಪತ್ತೇದಾರರಿದ್ದಾರೆ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬರೆಯತೊಡಗಿದ ಬ್ಯೋಮಕೇಶ ಒಬ್ಬ. ಸಿನಿಮಾ ನಿರ್ದೇಶಕ ಸತ್ಯಜಿತ್ ರಾಯ್ 1965ರಲ್ಲಿ ಮಕ್ಕಳಿಗಾಗಿ ಸೃಷ್ಟಿಸಿದ ಫೆಲೂದಾ ಇನ್ನೊಬ್ಬ. ಬ್ಯೋಮಕೇಶನಿಗೆ ತನ್ನನ್ನು ಪತ್ತೇದಾರ ಎಂದು ಕರೆದರೆ ಸೇರುವುದಿಲ್ಲ. ಅವನು ತನ್ನನ್ನು ‘ಸತ್ಯಾನ್ವೇಷಿ’ ಎಂದು ಕರೆದುಕೊಳ್ಳುತ್ತಾನೆ. ಸತ್ಯ ಹುಡುಕುವವನು ಎಂದರ್ಥ. ಈ ಹೆಸರು ನನಗೆ ಬಹಳ ಹಿಡಿಸಿತು. ಕಳ್ಳನನ್ನು ಹುಡುಕುವುದು ಮತ್ತು ಸತ್ಯವನ್ನು ಹುಡುಕುವುದು ಎರಡೂ ಒಂದೇ ಅಲ್ಲ. ಮುಂದೆ ಓದಿದರೆ ಗೊತ್ತಾಗುತ್ತದೆ.

೩. ಕೊನೆ ಹಾಳೆ ಇಲ್ಲದ ಪುಸ್ತಕ

ಕೊನೆಯ ಹಾಳೆ ಕಿತ್ತುಹೋಗಿತ್ತು ಎಂದೆನಲ್ಲ, ಆ ಪುಸ್ತಕದಿಂದಲೇ ನನಗೆ ಹೆಚ್ಚು ಲಾಭವಾಯಿತು. ರಟ್ಟೂ ಇಲ್ಲದ್ದರಿಂದ ಅದರ ಹೆಸರು ಹೇಳಲಾರೆ. ಕಥೆ ಹೀಗಿದೆ. ಒಂದು ದೊಡ್ಡ ಮನೆ. ಯಜಮಾನರ ತಿಜೋರಿಯಿಂದ ರಾತ್ರಿ ಒಡವೆ ಕಳುವಾಗುತ್ತದೆ. ಮನೆಯಲ್ಲಿ ಅವತ್ತು ಇದ್ದವರು ಆಳು, ಡ್ರೈವರು, ಯಜಮಾನರ ಅಳಿಯ, ಮತ್ತು ಒಬ್ಬ ಡಾಕ್ಟರು. ಬೆಳಗಾಗುವುದರೊಳಗೆ ಆಳು ಮನೆಯಲ್ಲಿಲ್ಲ!

ಪತ್ತೇದಾರ ಎಲ್ಲರನ್ನೂ ಒಂದು ಕೋಣೆಗೆ ಕರೆಸಿ ‘ಈಗ ಹೇಳುತ್ತೇನೆ’ ಎನ್ನುವಾಗ ಪುಸ್ತಕ ಹರಿದಿತ್ತು. ನನಗೆ ಅಳುವೇ ಬಂತು. ರಾತ್ರಿ ಊಟ ಸೇರಲಿಲ್ಲ. ಅವ್ವ ‘ಯಾರದೋ ಮನಿ ಒಡವಿ ಹೋದ್ರ ನಿನಗ್ಯಾಕ ಹಸಿವಿ ಹೋಗ್ಯಾವ’ ಅಂತ ಬೈದಳು.

ಮರುದಿನ ಕಥೆಯನ್ನು ನಾಲ್ವರು ಗೆಳತಿಯರಿಗೆ ಹೇಳಿ, ಕಳ್ಳ ಯಾರು ಎಂದು ಕೇಳಿದೆ. ಮೂವರು ‘ಆಳು’ ಅಂದರು. ಒಬ್ಬಳು ‘ಡ್ರೈವರು’ ಅಂದಳು. ಕಾರಣ ಕೇಳಿದೆ. ಅವರು ಕೊಟ್ಟ ಕಾರಣಗಳನ್ನು ಹಾಗೇ ಬರೆದಿದ್ದೇನೆ:

– ಆಳು ಬಡವ, ಸಾಲ ಮಾಡ್ಯಾನ.
– ಆಳು ಓಡಿ ಹೋಗ್ಯಾನ, ಕಳ್ಳ ಅಲ್ದಿದ್ರ ಯಾಕ ಓಡ್ತಿದ್ದ?
– ಡ್ರೈವರನ ಮುಖದ ಮ್ಯಾಲೆ ಗಾಯದ ಗುರುತು ಐತಿ, ನೋಡಿದ್ರ ಅಂಜಿಕಿ ಬರ್ತದ.
– ದೊಡ್ಡ ಮನಿಯವರು ತಮ್ಮ ಮನ್ಯಾಗ ತಾವ್ಯಾಕ ಕಳವು ಮಾಡ್ತಾರ?

ಈ ನಾಲ್ಕರಲ್ಲಿ ಒಡವೆಗೂ ತಿಜೋರಿಗೂ ಸಂಬಂಧಪಟ್ಟ ಮಾತು ಒಂದೂ ಇಲ್ಲ ಎಂಬುದನ್ನು ಗಮನಿಸಿರಿ. ಬಡತನ, ಮುಖ, ಅಂಜಿಕೆ, ದೊಡ್ಡಸ್ತಿಕೆ ಇಷ್ಟೇ. ಇದಕ್ಕೆ ಗುಮಾನಿ ಎನ್ನುತ್ತಾರೆ. ಕಥೆ ಬರೆಯುವವರಿಗೆ ಓದುವವರ ಈ ಗುಣ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಒಬ್ಬನ ಮುಖಕ್ಕೆ ಗಾಯ ಬರೆಯುತ್ತಾರೆ, ಇನ್ನೊಬ್ಬನನ್ನು ಕತ್ತಲಲ್ಲಿ ನಿಲ್ಲಿಸುತ್ತಾರೆ. ನಾವು ಅತ್ತ ನೋಡುವಾಗ ನಿಜವಾದ ಸುಳಿವು ಇತ್ತ ಹಾದು ಹೋಗಿರುತ್ತದೆ.

ಆಮೇಲೆ ಐವರೂ ಸೇರಿ ಪುಸ್ತಕವನ್ನು ಮೊದಲಿನಿಂದ ಓದಿದೆವು. ಈ ಸಲ ಮುಂದೇನು ಎಂಬ ಅವಸರ ಇರಲಿಲ್ಲ. ಆಗ ಒಂದು ಸಂಗತಿ ಸಿಕ್ಕಿತು. ಮೂರನೇ ಅಧ್ಯಾಯದಲ್ಲಿ, ನಡುಮನೆಯ ಗೋಡೆ ಗಡಿಯಾರವನ್ನು ರಿಪೇರಿಗೆ ಕಳಿಸಿದ್ದಾರೆ ಎಂದು ಒಂದೇ ಸಾಲು ಬರುತ್ತದೆ. ಒಂಬತ್ತನೇ ಅಧ್ಯಾಯದಲ್ಲಿ ಅಳಿಯ ‘ನಡುಮನೆಯ ಗಡಿಯಾರ ಎರಡು ಹೊಡೆದಾಗ ನನಗೆ ಎಚ್ಚರವಾಯಿತು’ ಎನ್ನುತ್ತಾನೆ. ಇಲ್ಲದ ಗಡಿಯಾರ ಹೆಂಗ ಹೊಡೀತು?

ಡ್ರೈವರು ಎಂದಿದ್ದ ಗೆಳತಿ ‘ಹಂಗಾರ ಅಳಿಯನೇ ಕಳ್ಳ, ಮುಗೀತು’ ಎಂದು ಕುಣಿದಳು. ಆಗ ನಮ್ಮ ನಮ್ಮಲ್ಲೇ ವಾದವಾಯಿತು. ಅಳಿಯ ಸುಳ್ಳು ಹೇಳಿದ್ದು ಖರೆ. ಆದರೆ ಸುಳ್ಳು ಹೇಳಿದವರೆಲ್ಲ ಕಳ್ಳರೇ? ಬೇರೆ ಯಾವುದೋ ಸಂಗತಿ ಮುಚ್ಚಿಡಲು ಸುಳ್ಳು ಹೇಳಿರಬಹುದಲ್ಲ? ಗಡಿಯಾರ ಒಂದು ಸುಳಿವು. ಅದು ‘ಇಲ್ಲಿ ಹುಡುಕು’ ಎಂದು ದಾರಿ ತೋರಿಸುತ್ತದೆ. ಒಡವೆ ಅವನ ಪೆಟ್ಟಿಗೆಯಲ್ಲಿ ಸಿಕ್ಕರೆ, ಅಥವಾ ತಿಜೋರಿ ಕೀಲಿ ಅವನು ಮಾಡಿಸಿದ್ದಕ್ಕೆ ಸಾಕ್ಷಿ ಸಿಕ್ಕರೆ ಅದು ಪುರಾವೆ. ನಮ್ಮ ಪುಸ್ತಕದಲ್ಲಿ ಪುರಾವೆಯ ಹಾಳೆ ಇರಲಿಲ್ಲ. ಆದ್ದರಿಂದ ನಮ್ಮ ನೋಟ್‌ಬುಕ್ಕಿನಲ್ಲಿ ‘ಕಳ್ಳ ಯಾರು’ ಎಂಬುದರ ಮುಂದೆ ಇವತ್ತಿಗೂ ಜಾಗ ಖಾಲಿ ಇದೆ.

೪. ಬೊಗಳದ ನಾಯಿ

ಸುಳಿವು ಎಂದರೆ ಯಾವಾಗಲೂ ಕಣ್ಣಿಗೆ ಕಾಣುವ ವಸ್ತುವೇ ಆಗಬೇಕಿಲ್ಲ. 1892ರಲ್ಲಿ ಬಂದ ಒಂದು ಷರ್ಲಾಕ್ ಹೋಮ್ಸ್ ಕಥೆಯಲ್ಲಿ ರಾತ್ರಿ ಲಾಯದಿಂದ ಓಟದ ಕುದುರೆ ಮಾಯವಾಗುತ್ತದೆ. ಲಾಯದಲ್ಲಿ ಕಾವಲು ನಾಯಿ ಇತ್ತು. ಅದು ಬೊಗಳಲಿಲ್ಲ. ಪೊಲೀಸರು ಇದನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಹೋಮ್ಸ್ ಹಿಡಿದದ್ದು ಅದನ್ನೇ. ನಾಯಿ ಬೊಗಳಲಿಲ್ಲ ಎಂದರೆ ಬಂದವನು ನಾಯಿಗೆ ಪರಿಚಯದವನು.

ಇದನ್ನು ಓದಿ ನನಗೆ ಖುಷಿಯಾಯಿತು. ಯಾಕಂದ್ರ ಈ ಸುಳಿವು ಪಟ್ಟಣದವರಿಗಿಂತ ನಮಗೆ ಬೇಗ ಹೊಳೆಯಬೇಕು. ರಾತ್ರಿ ಹೊಲದ ಕಡೆ ನಾಯಿ ಬೊಗಳಿದರೆ ನಮ್ಮಜ್ಜಿ ಮಲಗಿದಲ್ಲೇ ‘ಹಂದಿ ಬಂದಾವ’, ‘ಯಾರೋ ಹೊಸಬರು ಹೊಂಟಾರ’ ಎಂದು ಹೇಳುತ್ತಾಳೆ. ಬೊಗಳೋದು ತಟ್ಟನೆ ನಿಂತರೆ ‘ನಿಮ್ಮಪ್ಪ ಬಂದ, ಬಾಗಿಲಾ ತಗಿ’ ಎನ್ನುತ್ತಾಳೆ. ಅಜ್ಜಿ ಒಂದಕ್ಷರ ಓದಿದವಳಲ್ಲ. ಅಂದರೆ ಸುಳಿವು ಓದುವ ವಿದ್ಯೆ ಇಂಗ್ಲೆಂಡಿನಿಂದ ಬರಬೇಕಾಗಿಲ್ಲ. ದನ ಕಾಯುವವರು ಹೆಜ್ಜೆ ನೋಡಿ ಯಾರ ಎಮ್ಮೆ ಎಂದು ಹೇಳುವುದಿಲ್ಲವೇ? ಅದನ್ನು ಕ್ರಮವಾಗಿ ಜೋಡಿಸಿ ಬರೆದರೆ ಪತ್ತೇದಾರಿ ಕಥೆಯಾಗುತ್ತದೆ, ಅಷ್ಟೇ.

೫. ನಮ್ಮ ಮಸ್ಕಿಯ ಪತ್ತೇದಾರಿ

ಈಗ ಕಟ್ಟುಕಥೆ ಬಿಟ್ಟು ಖರೆ ನಡೆದ ಒಂದು ಪತ್ತೇದಾರಿಗೆ ಬರೋಣ. ಇದರ ಕೊನೆಯ ಹಾಳೆ ನಮ್ಮ ಮಸ್ಕಿಯಲ್ಲೇ ಸಿಕ್ಕಿತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆ ಹಾದು ಹೋಗುತ್ತದೆ. ಅಲ್ಲಿಯ ಗುಡ್ಡದಲ್ಲಿರುವ ಅಶೋಕನ ಶಾಸನ ನೋಡಲು ಶಾಲೆಯಿಂದ ಹೋಗಿದ್ದೇವೆ. ಬಂಡೆ ನೋಡಿದೆವು, ಕಲ್ಲು ಹತ್ತಿದೆವು, ಬುತ್ತಿ ಉಂಡು ಬಂದೆವು. ಆದರೆ ಅದರ ಹಿಂದಿನ ಕಥೆ ಪತ್ತೇದಾರಿ ಕಾದಂಬರಿಗಿಂತ ಕಡಿಮೆ ಇಲ್ಲ.

ಕೇಸು ಏನು? ನಮ್ಮ ದೇಶದ ಹಲವು ಕಡೆ ಬಂಡೆಗಳ ಮೇಲೆ, ಕಂಬಗಳ ಮೇಲೆ ಹಳೆಯ ಬರಹ ಇದ್ದವು. ಆ ಅಕ್ಷರಗಳನ್ನು ಓದುವವರು ನೂರಾರು ವರ್ಷಗಳಿಂದ ಯಾರೂ ಉಳಿದಿರಲಿಲ್ಲ. ಅದನ್ನು ಬರೆಸಿದವರು ಯಾರು, ಏನು ಬರೆಸಿದ್ದಾರೆ ಯಾರಿಗೂ ಗೊತ್ತಿಲ್ಲ.

ಮೊದಲನೇ ಹೆಜ್ಜೆ. ಕಲ್ಕತ್ತೆಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬುವರು ಸಾಂಚಿ ಸ್ತೂಪದ ಸುತ್ತಲಿನ ಕಲ್ಲುಗಳ ಮೇಲಿದ್ದ ಸಣ್ಣ ಸಣ್ಣ ಬರಹಗಳನ್ನು ಜೋಡಿಸಿ ನೋಡಿದರು. ಬಹಳಷ್ಟು ಬರಹಗಳ ಕೊನೆಗೆ ಅವೇ ಅಕ್ಷರಗಳು! ನಮ್ಮೂರ ಗುಡಿಯಲ್ಲಿ ಫ್ಯಾನಿನ ಮೇಲೆ, ಟ್ಯೂಬ್‌ಲೈಟಿನ ಮೇಲೆ ‘ಇಂಥವರ ಸೇವೆ’ ಎಂದು ಬರೆಸುತ್ತಾರಲ್ಲ, ಇದೂ ಹಂಗೇ ಇರಬಹುದು ಎಂದು ಅವರಿಗೆ ಹೊಳೆಯಿತು. ಆ ಪದ ‘ದಾನಂ’ ಆಗಿತ್ತು. ಈ ಒಂದು ಪದದಿಂದ ಬೀಗ ತೆರೆಯಿತು. 1837ರ ಹೊತ್ತಿಗೆ ಅವರು ಬ್ರಾಹ್ಮಿ ಲಿಪಿಯನ್ನು ಓದಿದರು. ಭಾಷೆ ಪ್ರಾಕೃತ ಎಂದು ಗೊತ್ತಾಯಿತು.

ಎರಡನೇ ಹೆಜ್ಜೆ, ಗುಮಾನಿ. ಓದಲು ಬಂದರೂ ಹೆಸರು ಸಿಗಲಿಲ್ಲ. ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳೇ ಇದ್ದವು. ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು ಎಂದರ್ಥ. ಇವನು ಯಾರು? ಸಿಂಹಳದಲ್ಲಿ ಇಂಥದೇ ಹೆಸರಿನ ರಾಜನಿದ್ದ. ಅವನೇ ಇರಬಹುದು ಎಂದು ಪ್ರಿನ್ಸೆಪ್ ಮೊದಲು ಎಣಿಸಿದರು.

ಮೂರನೇ ಹೆಜ್ಜೆ, ಸುಳಿವು. ಸಿಂಹಳದಲ್ಲಿ ಕೆಲಸದಲ್ಲಿದ್ದ ಜಾರ್ಜ್ ಟರ್ನರ್ ಎಂಬುವರು ಅಲ್ಲಿಯ ಪಾಲಿ ಗ್ರಂಥಗಳನ್ನು ಓದುತ್ತಿದ್ದರು. ಚಂದ್ರಗುಪ್ತ ಮೌರ್ಯನ ಮೊಮ್ಮಗ ಅಶೋಕನಿಗೆ ಪ್ರಿಯದರ್ಶಿ ಎಂಬ ಹೆಸರೂ ಇತ್ತು ಎಂದು ಅಲ್ಲಿ ಬರೆದಿತ್ತು. ಇದೂ 1837ರಲ್ಲೇ. ಸಿಂಹಳದ ರಾಜ ಎಂಬ ಗುಮಾನಿ ಬಿತ್ತು. ಆದರೆ ಇದು ಪುಸ್ತಕದ ಮಾತು. ಕಲ್ಲಿನ ಮೇಲೆ ಅಶೋಕ ಎಂಬ ಹೆಸರು ಎಲ್ಲೂ ಇನ್ನೂ ಸಿಕ್ಕಿರಲಿಲ್ಲ. ಪ್ರಿನ್ಸೆಪ್ 1840ರಲ್ಲಿ ತೀರಿಕೊಂಡರು. 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಶಾಸನ ಹುಡುಕಿದರು. ಅಲ್ಲಿಯೂ ಬಿರುದೇ ಇತ್ತು, ಹೆಸರಿಲ್ಲ.

ನಾಲ್ಕನೇ ಹೆಜ್ಜೆ, ಪುರಾವೆ. 1915ರಲ್ಲಿ, ಆಗ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದ ಮಸ್ಕಿಗೆ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಬಂದರು. ನಮ್ಮ ಸೀಮೆಯ ನೆಲದಲ್ಲಿ ಚಿನ್ನ ಇರುವುದು ನಿಮಗೆ ಗೊತ್ತೇ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿ ಗಣಿ ಈಗಲೂ ನಡೆಯುತ್ತಿದೆ. ಚಿನ್ನದ ಕೆಲಸದವರಿಗೆ ಸಿಕ್ಕಿದ್ದು ಬಂಡೆಯ ಮೇಲಿನ ಬರಹ! ಅದನ್ನು ಎಚ್. ಕೃಷ್ಣಶಾಸ್ತ್ರಿಯವರು ಓದಿ ಅದೇ ವರ್ಷ ಪ್ರಕಟಿಸಿದರು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಮಗ್ಗುಲಲ್ಲೇ ‘ಅಸೋಕ’ ಎಂಬ ಹೆಸರು ಇತ್ತು. ಬೇರೆ ಕಡೆ ಬರೀ ಬಿರುದಿನಲ್ಲಿ ಬರೆಸಿದ ಸಂದೇಶವೇ ಇಲ್ಲಿ ಹೆಸರಿನ ಸಮೇತ ಇತ್ತು. ಕೇಸು ಬಗೆಹರಿಯಿತು.

1837ರಿಂದ 1915ಕ್ಕೆ ಲೆಕ್ಕ ಹಾಕಿರಿ, 78 ವರ್ಷ! ಸುಳಿವು ಸಿಕ್ಕು 78 ವರ್ಷ ಆದ ಮೇಲೆ ಪುರಾವೆ ಸಿಕ್ಕಿತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ತುಂಗಭದ್ರೆಯ ಆಚೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೋಳದಲ್ಲಿಯೂ ಅಶೋಕನ ಹೆಸರಿರುವ ಶಾಸನಗಳು ಸಿಕ್ಕು, ಮಸ್ಕಿಯ ಪುರಾವೆ ಇನ್ನಷ್ಟು ಗಟ್ಟಿಯಾಯಿತು. ಕಾದಂಬರಿಯಲ್ಲಿ ಒಬ್ಬ ಪುರುಷೋತ್ತಮ ಎಲ್ಲವನ್ನೂ ಮಾಡುತ್ತಾನೆ. ಖರೇವಾದ ಪತ್ತೇದಾರಿಯಲ್ಲಿ ಒಬ್ಬರು ಅಕ್ಷರ ಓದಿದರು, ಒಬ್ಬರು ಗ್ರಂಥ ಓದಿದರು, ಒಬ್ಬರು ಬಂಡೆ ಕಂಡರು, ಒಬ್ಬರು ಬಂಡೆ ಓದಿದರು. ಪ್ರಿನ್ಸೆಪ್ ಅವರಂತೂ ಕೊನೆಯ ಹಾಳೆ ನೋಡಲೇ ಇಲ್ಲ.

ಮಸ್ಕಿ ಶಾಸನದಲ್ಲಿ ಏನು ಹೇಳಿದೆ ಎಂಬುದನ್ನೂ ತಿಳಿಯಿರಿ. ಧರ್ಮದಿಂದ ನಡೆದರೆ ಸಿಗುವ ಫಲ ದೊಡ್ಡ ಮನುಷ್ಯರಿಗೆ ಮಾತ್ರ ಎಂದು ತಿಳಿಯಬಾರದು, ಸಣ್ಣವರಿಗೂ ಅದು ಸಾಧ್ಯ, ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ. ಈ ಮಾತನ್ನು ನೆನಪಿಟ್ಟುಕೊಂಡು ಮುಂದಿನ ಭಾಗ ಓದಿರಿ.

೬. ಪುಸ್ತಕದ ಹೊರಗಿನ ಗುಮಾನಿ

ನಾನು ಮೊದಲು ಓದುತ್ತಿದ್ದ ಒಂದು ಶಾಲೆಯಲ್ಲಿ ಪ್ರವಾಸಕ್ಕೆಂದು ಕೂಡಿಸಿದ 300 ರೂಪಾಯಿ ಕಾಣಲಿಲ್ಲ. ತರಗತಿಯಲ್ಲಿ ನಲವತ್ತಕ್ಕೂ ಹೆಚ್ಚು ಮಕ್ಕಳಿದ್ದೆವು. ಮೊದಲು ತೆಗೆಸಿದ್ದು ತಾಂಡಾದಿಂದ ಬರುವ ನಮ್ಮ ಮೂವರ ಚೀಲ. ಪುಸ್ತಕ, ಬುತ್ತಿ ಡಬ್ಬಿ, ಎಲ್ಲವನ್ನೂ ನೆಲದ ಮೇಲೆ ಸುರಿಸಿ ನೋಡಿದರು. ಏನೂ ಸಿಗಲಿಲ್ಲ. ಉಳಿದವರ ಚೀಲ ತೆಗೆಸುವುದರೊಳಗೆ ಗಂಟೆ ಹೊಡೆಯಿತು. ಮರುದಿನ ಹಣ ಹಾಜರಿ ಪುಸ್ತಕದ ರಟ್ಟಿನೊಳಗೆ ಸಿಕ್ಕಿತು. ಸಿಕ್ಕಿತು ಎಂದು ಎಲ್ಲರಿಗೂ ಹೇಳಿದರು. ನಮ್ಮ ಮೂವರಿಗೆ ಬೇರೆ ಏನೂ ಹೇಳಲಿಲ್ಲ. ನನ್ನ ಜೊತೆಗಿದ್ದ ಒಬ್ಬಳು ಆ ವಾರ ಶಾಲೆಗೆ ಬರಲಿಲ್ಲ.

ಇದನ್ನು ಯಾರ ಮೇಲಿನ ಸಿಟ್ಟಿಗೂ ಬರೆಯುತ್ತಿಲ್ಲ. ಪಾಠಕ್ಕೆ ಉದಾಹರಣೆ ಎಂದು ಬರೆಯುತ್ತಿದ್ದೇನೆ. ಇಲ್ಲಿ ಸುಳಿವು ಏನಿತ್ತು? ಏನೂ ಇಲ್ಲ. ಪುರಾವೆ? ಇಲ್ಲವೇ ಇಲ್ಲ. ಇದ್ದದ್ದು ಗುಮಾನಿ ಒಂದೇ. ಕಾದಂಬರಿಯ ಆಳಿನ ಮೇಲೆ ಬಂದ ಗುಮಾನಿಯೇ ಇದು. ಪುಸ್ತಕದಲ್ಲಿ ಗುಮಾನಿ ತಪ್ಪಿದರೆ ಮಜಾ ಬರುತ್ತದೆ, ‘ಅರೆ, ಹೆಂಗ ಮೋಸ ಹೋದ್ವಿ’ ಎಂದು ನಗುತ್ತೇವೆ. ಊರಲ್ಲಿ ಗುಮಾನಿ ತಪ್ಪಿದರೆ ಒಬ್ಬರ ಚೀಲ ನೆಲದ ಮೇಲೆ ಬಿದ್ದಿರುತ್ತದೆ.

ಇದು ಒಂದು ಶಾಲೆಯ ಮಾತಲ್ಲ. ಬ್ರಿಟಿಷ್ ಸರಕಾರ 1871ರಲ್ಲಿ ಒಂದು ಕಾನೂನು ತಂದಿತ್ತು. ಅದರ ಪ್ರಕಾರ ಕೆಲವು ಸಮುದಾಯಗಳನ್ನು ಪೂರ್ತಿಯಾಗಿ ‘ಅಪರಾಧಿ ಬುಡಕಟ್ಟು’ ಎಂದು ಪಟ್ಟಿಗೆ ಸೇರಿಸುತ್ತಿದ್ದರು. ಅಲೆಮಾರಿ ಜನರೇ ಅದರಲ್ಲಿ ಹೆಚ್ಚು. ಆ ಪಟ್ಟಿಯಲ್ಲಿದ್ದ ಮನೆಯಲ್ಲಿ ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲೇ ಗುಮಾನಿಗೆ ಒಳಗಾಗುತ್ತಿತ್ತು. ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಈ ಕಾನೂನು ರದ್ದಾಯಿತು. ಕಾನೂನು ಹೋದರೂ ಕಣ್ಣಿನ ರೂಢಿ ಹೋಗಲಿಕ್ಕೆ ಇನ್ನೂ ಸಮಯ ಬೇಕು ಎಂದು ಕಾಣುತ್ತದೆ.

ಅದೇ ಕಾಲದ ಇನ್ನೊಂದು ಸಂಗತಿ ನೋಡಿರಿ. 1897ರಲ್ಲಿ ಕಲ್ಕತ್ತೆಯಲ್ಲಿ ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಶುರುವಾಯಿತು. ಬೆರಳಚ್ಚುಗಳನ್ನು ವಿಂಗಡಿಸಿ ಹುಡುಕುವ ಲೆಕ್ಕವನ್ನು ರೂಪಿಸುವುದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮ ದೇಶದ ಇಬ್ಬರು ಪೊಲೀಸ್ ಅಧಿಕಾರಿಗಳ ಪಾಲು ದೊಡ್ಡದು. ಬೆರಳಚ್ಚು ಗುಂಪನ್ನು ತೋರಿಸುವುದಿಲ್ಲ, ಒಬ್ಬನೇ ಮನುಷ್ಯನನ್ನು ತೋರಿಸುತ್ತದೆ. ಯಾರ ಮಗ, ಯಾವ ಓಣಿ ಎಂದು ಅದು ಕೇಳುವುದಿಲ್ಲ. ಒಂದೇ ಸರಕಾರದಲ್ಲಿ ಗುಮಾನಿಯ ಕಾನೂನೂ ಇತ್ತು, ಪುರಾವೆಯ ವಿದ್ಯೆಯೂ ಬೆಳೆಯಿತು.

ನಮ್ಮ ಕಡೆ ಏನಾದರೂ ಕಳುವಾದರೆ ಅಂಜನ ಹಾಕಿಸಿ ನೋಡುವ ರೂಢಿ ಕೆಲವರಲ್ಲಿದೆ. ಎಲೆಯ ಮೇಲೆ ಕಪ್ಪು ಹಚ್ಚಿ, ಅದರಲ್ಲಿ ಕಳ್ಳನ ಮುಖ ಕಾಣುತ್ತದೆ ಎನ್ನುತ್ತಾರೆ. ಹಿರಿಯರ ಮನ ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಮೊದಲೇ ಯಾರ ಮೇಲೆ ಗುಮಾನಿ ಇತ್ತೋ ಅವರ ಮುಖವೇ ಅದರಲ್ಲಿ ಕಾಣುವ ಸಂಭವ ಹೆಚ್ಚಲ್ಲವೇ? ವಿಚಾರ ಮಾಡಿರಿ.

೭. ಈ ಪುಸ್ತಕಗಳಲ್ಲಿ ನನಗೆ ಸೇರದ್ದು

ಬರೀ ಹೊಗಳಿದರೆ ಪಾಠವಾಗುವುದಿಲ್ಲ. ಹಲವು ಪತ್ತೇದಾರಿ ಕಾದಂಬರಿಗಳಲ್ಲಿ ನನಗೆ ಬೇಸರ ತಂದ ಸಂಗತಿಗಳೂ ಇವೆ.

ಒಂದು, ಕೆಲವು ಲೇಖಕರು ಸುಳಿವನ್ನು ಓದುವವರಿಗೆ ತೋರಿಸದೆ ಮುಚ್ಚಿಟ್ಟು, ಕೊನೆಗೆ ಒಮ್ಮೆಲೇ ತೆಗೆಯುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ ಅರ್ಧ ಲೆಕ್ಕ ಕೊಟ್ಟು ಉತ್ತರ ಕೇಳಿದಂತೆ ಇದು. ಎರಡು, ಹೆಣ್ಣುಮಕ್ಕಳಿಗೆ ಚೀರುವುದು, ಮೂರ್ಛೆ ಹೋಗುವುದು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ. ನಮ್ಮೂರಲ್ಲಿ ಯಾರ ಮನೆಯಲ್ಲಿ ಏನು ನಡೆಯಿತು ಎಂಬುದು ಮೊದಲು ಗೊತ್ತಾಗುವುದು ನಳದ ಹತ್ತಿರ ನಿಂತ ಹೆಣ್ಣುಮಕ್ಕಳಿಗೆ! ಮೂರು, ಪತ್ತೇದಾರ ಹೊಡೆದಾಡಿ ಬಾಯಿ ಬಿಡಿಸುತ್ತಾನೆ. ಹೊಡೆದರೆ ಕಳ್ಳ ಅಲ್ಲದವನೂ ‘ನಾನೇ’ ಎನ್ನುತ್ತಾನೆ, ಅದು ಪುರಾವೆಯಾಗುವುದಿಲ್ಲ.

ಪತ್ತೇದಾರಿ ಓದಿ ರೂಢಿಯಾದ ಮೇಲೆ ನಾನು ಪೂರ್ಣಚಂದ್ರ ತೇಜಸ್ವಿಯವರ (1938–2007) ಪುಸ್ತಕಗಳನ್ನು ಓದಿದೆ. ‘ಚಿದಂಬರ ರಹಸ್ಯ’ (1985) ಕಾದಂಬರಿಗೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದರಲ್ಲಿಯೂ ಒಬ್ಬ ವಿಜ್ಞಾನಿಯ ಅನುಮಾನದ ಸಾವು, ಅದನ್ನು ವಿಚಾರಿಸಲು ಬರುವ ಗುಪ್ತಚರ ಇಲಾಖೆಯ ಅಧಿಕಾರಿ ಇದ್ದಾರೆ. ಆದರೆ ಒಬ್ಬನನ್ನು ಹಿಡಿದು ‘ಇವನೇ’ ಎಂದು ತೋರಿಸಿದರೆ ಸಮಸ್ಯೆ ಮುಗಿಯುವುದಿಲ್ಲ. ಇಡೀ ಊರಿನ ಜಗಳ, ಮೂಢನಂಬಿಕೆ, ಕಾಡಿನ ನಾಶ ಎಲ್ಲವೂ ಅದರಲ್ಲಿ ಸೇರಿಕೊಂಡಿದೆ. ಓದಿ ಮುಗಿಸಿದಾಗ ನನಗೆ ಒಂದು ರೀತಿ ಅಂಜಿಕೆಯಾಯಿತು.

‘ಕರ್ವಾಲೊ’ದಲ್ಲಿ (1980) ಕಳ್ಳನೂ ಇಲ್ಲ, ಕೊಲೆಯೂ ಇಲ್ಲ. ಹುಡುಕುವುದು ಒಂದು ಹಾರುವ ಓತಿಯನ್ನು. ಆದರೂ ಪತ್ತೇದಾರಿಯಂತೆಯೇ ಓದಿಸಿಕೊಂಡು ಹೋಗುತ್ತದೆ. ನನಗೆ ಬಹಳ ಸೇರಿದವನು ಮಂದಣ್ಣ. ಊರವರ ಲೆಕ್ಕದಲ್ಲಿ ಅವನು ಕೆಲಸಕ್ಕೆ ಬಾರದವನು. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನ ಮಾತಿಗೆ ಬೆಲೆ ಕೊಡುತ್ತಾರೆ, ಯಾಕೆಂದರೆ ಕಾಡಿನಲ್ಲಿ ಅವನ ಕಣ್ಣು ಸೂಕ್ಷ್ಮ. ಇಲ್ಲಿಯೂ ನಮ್ಮ ಪಾಠವೇ ಇದೆ. ಮನುಷ್ಯನ ವೇಷ ನೋಡಿ ಅಲ್ಲ, ಅವನು ಕಂಡದ್ದು ಖರೆಯೋ ಎಂದು ನೋಡಿ ಬೆಲೆ ಕಟ್ಟಬೇಕು.

೮. ಓದುವ ಕ್ರಮ

ನೀವೂ ಪತ್ತೇದಾರಿ ಓದುವುದಾದರೆ ಹೀಗೆ ಓದಿ ನೋಡಿರಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮುಂದೆ ಮಾತ್ರ ಬೇಡ. ಕೈಗೆ ಹಿಡಿದರೆ ಬಿಡಲಾಗುವುದಿಲ್ಲ.

(೧) ನೋಟ್‌ಬುಕ್ಕಿನಲ್ಲಿ ಮೂರು ಕಲಂ ಹಾಕಿರಿ: ಗುಮಾನಿ, ಸುಳಿವು, ಪುರಾವೆ.
(೨) ಅಧ್ಯಾಯ ಮುಗಿದಾಗ ಪುಸ್ತಕ ಮುಚ್ಚಿ, ಯಾರ ಮೇಲೆ ಅನುಮಾನ, ಯಾಕೆ ಎಂದು ಬರೆಯಿರಿ.
(೩) ಬಡವ, ಹೊಸಬ, ಕಪ್ಪು ಮುಖ, ಬೇರೆ ಓಣಿಯವ ಇವು ಬಂದರೆ ಗುಮಾನಿಯ ಕಲಂನಲ್ಲೇ ಇರಲಿ. ಸುಳಿವಿನ ಕಲಂಗೆ ದಾಟಿಸಬೇಡಿರಿ.
(೪) ನಡೆಯಬೇಕಾದ್ದು ನಡೆಯದಿದ್ದರೆ ಅದನ್ನೂ ಬರೆಯಿರಿ. ಬೊಗಳದ ನಾಯಿಯನ್ನು ನೆನೆಯಿರಿ.
(೫) ಸುಳ್ಳು ಹೇಳಿದವನನ್ನು ಸುಳ್ಳ ಎನ್ನಿರಿ. ಕಳ್ಳ ಎನ್ನಲು ಇನ್ನೂ ಪುರಾವೆ ಬೇಕು.
(೬) ಕೊನೆಯ ಹಾಳೆಯನ್ನು ಮೊದಲೇ ಓದಬೇಡಿರಿ. ಓದಿದವರು ಓದದವರಿಗೆ ಹೇಳಲೂಬೇಡಿರಿ!

ನಮ್ಮ ಶಾಲೆಯ ಪುಸ್ತಕದ ಕಪಾಟಿನಲ್ಲಿ ಇಂಥ ಐದಾರು ಒಳ್ಳೆಯ ಪುಸ್ತಕಗಳಿಗೂ ಜಾಗ ಕೊಡಬೇಕೆಂದು ಗುರುಗಳಲ್ಲಿ ವಿನಂತಿ. ನನ್ನ ಏಳು ಪುಸ್ತಕಗಳನ್ನು ಕೊಡಲು ಸಿದ್ಧಳಿದ್ದೇನೆ. ಅಪ್ಪನನ್ನು ಕೇಳಿದೆ. ‘ಕೊಡವ್ವ, ನಾಕು ಮಂದಿ ಓದಲಿ’ ಅಂದಾರ.

೯. ಈ ಸಂಚಿಕೆಯ ಕೇಸು

ಈಗ ನಿಮಗೊಂದು ಕೇಸು. ಮಸ್ಕಿ ಜಾತ್ರೆಯಲ್ಲಿ ಒಬ್ಬ ವ್ಯಾಪಾರಿ ಒಂದು ಹಳೆ ಕಲ್ಲು ಮಾರಲು ತಂದಿದ್ದಾನೆ ಎಂದು ಊಹಿಸಿರಿ. ‘ಇದು ಅಶೋಕನೇ ಬರೆಸಿದ ಕಲ್ಲು, ಗುಡ್ಡದಲ್ಲಿ ಸಿಕ್ಕಿತು’ ಎನ್ನುತ್ತಾನೆ. ಕಲ್ಲಿನ ಮೇಲೆ ಸ್ಪಷ್ಟವಾದ ಕನ್ನಡ ಅಕ್ಷರಗಳಲ್ಲಿ ಹೀಗೆ ಕೊರೆದಿದೆ: ‘ಸಾಮ್ರಾಟ್ ಅಶೋಕ, ಕ್ರಿ.ಪೂ. 250’. ವ್ಯಾಪಾರಿ ಒಳ್ಳೆಯ ಬಟ್ಟೆ ಹಾಕಿದ್ದಾನೆ, ಕನ್ನಡಕ ಹಾಕಿದ್ದಾನೆ, ಇಂಗ್ಲಿಷ್ ಮಾತಾಡುತ್ತಾನೆ.

ಕಲ್ಲು ಖರೆಯೋ ಸುಳ್ಳೋ? ಸುಳ್ಳಾದರೆ ಕಡಿಮೆ ಎಂದರೆ ಮೂರು ಕಾರಣ ಕೊಡಿರಿ. ವ್ಯಾಪಾರಿಯೇ ಕೊರೆದು ಮೋಸ ಮಾಡಿದ್ದಾನೆ ಎಂದು ಇಷ್ಟರಿಂದಲೇ ಹೇಳಬಹುದೋ, ಅಥವಾ ಅವನಿಗೂ ಬೇರೆಯವರು ಮೋಸ ಮಾಡಿರಬಹುದೋ? ನಿಮ್ಮ ಉತ್ತರವನ್ನು ಗುಮಾನಿ, ಸುಳಿವು, ಪುರಾವೆ ಎಂದು ವಿಂಗಡಿಸಿ, ಹಾಳೆಯಲ್ಲಿ ಬರೆದು, ಶನಿವಾರದೊಳಗೆ ಈ ಗೋಡೆ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿರಿ. ಹೆಸರು, ತರಗತಿ ಬರೆಯಲು ಮರೆಯಬೇಡಿರಿ.

ಉತ್ತರ ಮುಂದಿನ ಸಂಚಿಕೆಯಲ್ಲಿ.